ಚಳಿಗಾಲ, ಬೆಚ್ಚನೆಯ ನೆಲ ಮತ್ತು ಮುಚ್ಚಿದ ಕೋಣೆಯ ಕೆಂಡ



ದೆಹಲಿ, ನೋಯ್ಡಾ, ಗುರುಗ್ರಾಮದಲ್ಲಿರುವ ನಮ್ಮವರಿಗೆ ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೆ ಒಂದೇ ಮಾತು, "ಏನ್ ಚಳೀರೀ!" ರಾತ್ರಿ ಹೊರಗೆ 5-6 ಡಿಗ್ರಿಗೆ ಇಳಿಯುತ್ತದೆ. ಇಲ್ಲಿನ ಮನೆಗಳೋ ಮೇ ತಿಂಗಳ ಸೆಕೆಗೆಂದು ಕಟ್ಟಿದಂಥವು. ಮಾರ್ಬಲ್ ನೆಲ, ಸಂದು ಬಿಟ್ಟ ಕಿಟಕಿ. ಊರಿನಿಂದ ಬಂದ ಅಪ್ಪ ಅಮ್ಮ ಬೆಳಿಗ್ಗೆ ಮಂಚದಿಂದ ಕಾಲು ಕೆಳಗಿಡಲು ಹೆದರುತ್ತಾರೆ. ಇದೇ ಹೊತ್ತಿಗೆ "ನೆಲದಡಿ ಪೈಪ್ ಹಾಕಿಸಿ, ಭೂಮಿಯ ಶಾಖದಿಂದ ಮನೆ ಬೆಚ್ಚಗಿಡಿ" ಎನ್ನುವ ವಿಡಿಯೋಗಳನ್ನೂ ನೀವು ನೋಡಿರಬಹುದು. ಅದು ಸುಳ್ಳಲ್ಲ, ಆದರೆ ಎಲ್ಲರಿಗೂ ಅಲ್ಲ.

ಮೊದಲು, ಚಳಿಯನ್ನು ಬರೀ ಅಭ್ಯಾಸದ ಮಾತು ಎಂದು ತಳ್ಳಿಹಾಕಬೇಡಿ. ಚಳಿಗೆ ಚರ್ಮದ ರಕ್ತನಾಳಗಳು ಕುಗ್ಗುತ್ತವೆ, ರಕ್ತದೊತ್ತಡ ಏರುತ್ತದೆ, ಹೃದಯದ ಕೆಲಸ ಹೆಚ್ಚುತ್ತದೆ. ಬಿಪಿ, ಹೃದ್ರೋಗ, ಆಸ್ತಮಾ ಇರುವ ಹಿರಿಯರಿಗೆ ಇದು ಸಣ್ಣ ಹೊರೆಯಲ್ಲ. ಚಳಿಗಾಲದಲ್ಲಿ ಮನೆಯೊಳಗೆ ಕನಿಷ್ಠ 18 ಡಿಗ್ರಿಯಾದರೂ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸಲಹೆ ಕೊಟ್ಟಿದೆ. ಒಂದು ಸಣ್ಣ ಥರ್ಮಾಮೀಟರ್ ತಂದು ಹಿರಿಯರ ಕೋಣೆಯಲ್ಲಿ ನೇತುಹಾಕಿ ನೋಡಿ. ನಮ್ಮ ಅಂದಾಜಿಗಿಂತ ಕಡಿಮೆಯೇ ಇರುತ್ತದೆ.

ಇನ್ನು ನೆಲದ ವಿಷಯ. ಒಂದೇ ಕೋಣೆಯಲ್ಲಿರುವ ಮಾರ್ಬಲ್ಲೂ ಮರದ ಮಣೆಯೂ ಒಂದೇ ಉಷ್ಣತೆಯಲ್ಲಿರುತ್ತವೆ. ಆದರೆ ಕಲ್ಲು ಕಾಲಿನ ಶಾಖವನ್ನು ಬೇಗ ಎಳೆದುಕೊಳ್ಳುತ್ತದೆ, ಮರ ಎಳೆದುಕೊಳ್ಳುವುದಿಲ್ಲ. ಆದ್ದರಿಂದಲೇ ಕಲ್ಲು ಕೊರೆಯುತ್ತದೆ. ಬ್ಲೋವರ್ ಹಾಕಿದರೆ ಬಿಸಿ ಗಾಳಿ ಮೇಲೇರಿ ಚಾವಣಿ ಸೇರುತ್ತದೆ, ತಲೆ ಬಿಸಿ, ಕಾಲು ತಣ್ಣಗೆ. ನೆಲವನ್ನೇ ಬಿಸಿ ಮಾಡಿದರೆ ಇದು ತಿರುವುಮುರುವಾಗುತ್ತದೆ. ಕಾಲು ಬೆಚ್ಚಗಿರುತ್ತದೆ, ತಲೆ ಹಗುರವಾಗಿರುತ್ತದೆ.

ಇದು ಹೊಸ ವಿದ್ಯೆಯೇನೂ ಅಲ್ಲ. ಕಾಶ್ಮೀರದ ಹಳೆಯ ಮನೆಗಳಲ್ಲೂ ಮಸೀದಿಗಳಲ್ಲೂ 'ಹಮಾಮ್' ಎನ್ನುವ ಕೋಣೆ ಇರುತ್ತದೆ. ಕಲ್ಲು ಚಪ್ಪಡಿಯ ನೆಲ, ಅದರಡಿ ಟೊಳ್ಳು. ಆ ಟೊಳ್ಳಿನಲ್ಲಿ ಸೌದೆ ಉರಿಸುತ್ತಾರೆ, ಒಲೆಯ ಬಾಯಿ ಹೊರಗೆ, ಹೊಗೆ ಚಿಮಣಿಯಿಂದ ಆಚೆಗೆ. ಅದೇ ಬೆಂಕಿಯಲ್ಲಿ ತಾಮ್ರದ ಪಾತ್ರೆಯ ನೀರೂ ಕಾಯುತ್ತದೆ. ನಮ್ಮ ಬಚ್ಚಲ ಹಂಡೆಯ ಒಲೆಯನ್ನು ಕೋಣೆಯ ನೆಲದಡಿಗೆ ಹಬ್ಬಿಸಿದ ಹಾಗೆ ಅಂದುಕೊಳ್ಳಿ.

ಕೊರಿಯಾದಲ್ಲೂ ಇಂಥದ್ದೇ ಪದ್ಧತಿ, ಹೆಸರು 'ಓಂಡೋಲ್'. ಅಲ್ಲಿನ ಕಥೆ ನಮಗೆ ಮುಖ್ಯ. 20ನೇ ಶತಮಾನದ ಮಧ್ಯಭಾಗದಲ್ಲಿ ಸೌದೆಯ ಬದಲು ಕಲ್ಲಿದ್ದಲಿನ ಉಂಡೆ ಬಂತು. ನೆಲದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು, ಕಾರ್ಬನ್ ಮಾನಾಕ್ಸೈಡ್ ಅನಿಲ ಒಳಗೆ ನುಸುಳುತ್ತಿತ್ತು. ಬೆಚ್ಚಗೆ ಮಲಗಿದ ಎಷ್ಟೋ ಕುಟುಂಬಗಳು ಬೆಳಿಗ್ಗೆ ಏಳಲಿಲ್ಲ. ಮುಂದೆ ಅವರು ಬೆಂಕಿಯನ್ನು ಬಾಯ್ಲರಿಗೆ ಸರಿಸಿ, ನೆಲದಡಿ ಬಿಸಿನೀರಿನ ಪೈಪ್ ಹಾಕಿದರು. ಇಂದಿನ ನೆಲ ಕಾಯಿಸುವ ವ್ಯವಸ್ಥೆಯಲ್ಲಿಯೂ ಸಾಮಾನ್ಯವಾಗಿ ಇದೇ ರೀತಿ. ನೀರು 35ರಿಂದ 45 ಡಿಗ್ರಿ ಇದ್ದರೆ ಸಾಕು, ಸ್ನಾನದ ನೀರಿನಷ್ಟು. ನಡೆದಾಡುವ ನೆಲ 29 ಡಿಗ್ರಿ ದಾಟಬಾರದು ಎನ್ನುವುದು ರೂಢಿಯ ಮಿತಿ.

ಹಾಗಾದರೆ ಭೂಶಾಖ? ಇದರಲ್ಲಿ ಎರಡು ಬಗೆ, ವಿಡಿಯೋದವರು ಎರಡನ್ನೂ ಕಲಸಿಬಿಡುತ್ತಾರೆ. ಒಂದು, ಭೂಮಿಯೊಳಗಿನ ನಿಜವಾದ ಬಿಸಿನೀರು. ಐಸ್‌ಲ್ಯಾಂಡ್‌ನ ರೇಕ್ಯಾವಿಕ್ ನಗರ 1930ರಲ್ಲಿ ಬಿಸಿಬುಗ್ಗೆಯ ನೀರನ್ನು ಪೈಪಿನಲ್ಲಿ ಶಾಲೆಗೆ, ಮನೆಗಳಿಗೆ ಹರಿಸಲು ಶುರುಮಾಡಿತು. ಇಂದು ಆ ದೇಶದ ಹತ್ತರಲ್ಲಿ ಒಂಬತ್ತು ಮನೆಗಳು ಹೀಗೇ ಬೆಚ್ಚಗಿವೆ. ನಮ್ಮಲ್ಲಿ ಹಿಮಾಚಲದ ಮಣಿಕರಣ್, ಲಡಾಖ್‌ನ ಪೂಗಾ ಕಣಿವೆಯಲ್ಲಿ ಅಂಥ ಬುಗ್ಗೆಗಳಿವೆ. ಮಣಿಕರಣ್‌ನಲ್ಲಿ ಆ ನೀರಿನಲ್ಲೇ ಅನ್ನ ಬೇಯಿಸುತ್ತಾರೆ.

ಇನ್ನೊಂದು ಬಗೆಗೆ ಬುಗ್ಗೆ ಬೇಡ. ಚಳಿಗಾಲದ ಬೆಳಿಗ್ಗೆ ಊರಿನ ಬಾವಿಯಿಂದ ಸೇದಿದ ನೀರು ಬೆಚ್ಚಗಿರುತ್ತದಲ್ಲ, ಅದೇ ಗುಟ್ಟು. ನೆಲದ ಕೆಲವು ಮೀಟರ್ ಆಳದಲ್ಲಿ ಉಷ್ಣತೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ. ಅಲ್ಲಿ ಪೈಪ್ ಹೂತು ನೀರು ಹರಿಸಿ, ಆ ಶಾಖವನ್ನು ಹೀಟ್ ಪಂಪ್ ಎಂಬ ಯಂತ್ರದಿಂದ ಮೇಲೆತ್ತುತ್ತಾರೆ. ಯಂತ್ರಕ್ಕೆ 1 ಯೂನಿಟ್ ಕರೆಂಟ್ ಕೊಟ್ಟರೆ ಮನೆಗೆ 3-4 ಯೂನಿಟ್ ಶಾಖ ಸಿಗುತ್ತದೆ. ಉಚಿತವಲ್ಲ, ಅಗ್ಗ ಅಷ್ಟೆ. ವರ್ಷದಲ್ಲಿ ಆರು ತಿಂಗಳು ಚಳಿ ಇರುವ ದೇಶಕ್ಕೆ ಇದು ಒಪ್ಪುತ್ತದೆ. ಆರೇಳು ವಾರದ ಚಳಿಗಾಗಿ ದೆಹಲಿಯ ಬಾಡಿಗೆ ಫ್ಲ್ಯಾಟಿನ ನೆಲ ಅಗೆಸುವುದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಆದರೆ ಅದೇ ವಿದ್ಯೆ ನಿಮ್ಮ ಗೋಡೆಯ ಮೇಲೆಯೇ ಇರಬಹುದು. 'ಹಾಟ್ ಅಂಡ್ ಕೋಲ್ಡ್' ಎಸಿ ಕೂಡ ಹೀಟ್ ಪಂಪೇ, ಶಾಖವನ್ನು ನೆಲದ ಬದಲು ಹೊರಗಿನ ಗಾಳಿಯಿಂದ ತೆಗೆಯುತ್ತದೆ. ಆಯಿಲ್ ಹೀಟರ್, ಬ್ಲೋವರ್, ರಾಡ್ ಹೀಟರ್ ಯಾವುದಾದರೂ 1 ಯೂನಿಟ್‌ಗೆ 1 ಯೂನಿಟ್ ಶಾಖವೇ. ಅಂಗಡಿಯವನು ಏನೇ ಹೇಳಲಿ, ನಂಬಬೇಡಿ. ಆಯಿಲ್ ಹೀಟರಿನ ಲಾಭ ಬೇರೆ: ಸದ್ದಿಲ್ಲ, ಕೆಂಪಗೆ ಕಾದ ತಂತಿ ಇಲ್ಲ. ಮಕ್ಕಳಿರುವ ಮನೆಗೆ ಅದೇ ವಾಸಿ. ಕರೆಂಟ್ ಹೀಟರ್ ಆಮ್ಲಜನಕ ಸುಟ್ಟುಬಿಡುತ್ತದೆ ಎನ್ನುವುದು ತಪ್ಪು. ಅದು ಗಾಳಿಯನ್ನು ಒಣಗಿಸುತ್ತದೆ, ಅಷ್ಟೇ. ನೆಲಕ್ಕೆ ಒಂದು ದಪ್ಪ ಜಮಖಾನ ಹಾಸಿ, ಕಿಟಕಿಯ ಸಂದಿಗೆ ಪಟ್ಟಿ ಅಂಟಿಸಿ. ಅರ್ಧ ಚಳಿ ಅಲ್ಲೇ ಹೋಗುತ್ತದೆ.

ಆಮ್ಲಜನಕ ತಿನ್ನುವುದು ಬೆಂಕಿ. ಉತ್ತರದವರ ಅಂಗೀಠಿ, ನಮ್ಮ ಮಲೆನಾಡಿನ ಅಗ್ಗಿಷ್ಟಿಕೆ ಎರಡೂ ಒಂದೇ. ಊರಿನ ಹೆಂಚಿನ ಮನೆಯಲ್ಲಿ ಹೆಂಚಿನ ಸಂದಿಯಿಂದ ಗಾಳಿ ಆಡುತ್ತಿತ್ತು. ಕಿಟಕಿ ಬಿಗಿಯಾಗಿ ಮುಚ್ಚಿದ ಫ್ಲ್ಯಾಟಿನಲ್ಲಿ ಅದೇ ಕೆಂಡ ಪ್ರಾಣ ತೆಗೆಯುತ್ತದೆ. ಇಲ್ಲಿ ಬಾಣಂತಿಯರ ಮಾತು ಹೇಳಲೇಬೇಕು. ಬಾಣಂತನಕ್ಕೆ ಊರಿಂದ ಬಂದ ಅಮ್ಮ ಅಥವಾ ಅಜ್ಜಿ ಪ್ರೀತಿಯಿಂದ ಮಂಚದ ಕೆಳಗೆ ಕೆಂಡ ಇಟ್ಟು, ಬಾಗಿಲು ಹಾಕಿ, ಮಗುವಿಗೆ ಗಾಳಿ ಸೋಕದಂತೆ ನೋಡಿಕೊಳ್ಳುತ್ತಾರೆ. ಅವರ ಮನಸ್ಸು ನೋಯಿಸದೆ, ಆದರೆ ಖಂಡಿತವಾಗಿ, ಬೇಡ ಎನ್ನಿ. ಹೊಗೆ ಕಾಣದ ಕೆಂಡವೂ ಈ ಅನಿಲ ಬಿಡುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ.

ಪುಣೆ, ಮುಂಬೈಯವರೇ, ಚಳಿ ನಮಗಿಲ್ಲ ಎಂದು ಇದನ್ನು ದಾಟಿ ಹೋಗಬೇಡಿ. ಬಚ್ಚಲಿನೊಳಗೇ ಕೂರಿಸಿದ ಗ್ಯಾಸ್ ಗೀಸರ್‌ನಿಂದಲೂ ಬರುವುದು ಇದೇ ಅನಿಲ. ಗೀಸರ್ ಹೊರಗಿರಲಿ, ಬಚ್ಚಲಿನ ಕಿಂಡಿ ತೆರೆದಿರಲಿ.

ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಮಾತು. ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಸುಡುವುದು ಗೊತ್ತಾಗುವುದಿಲ್ಲ. ಬಿಸಿನೀರಿನ ಚೀಲ, ಹೀಟರ್ ಯಾವುದನ್ನೂ ಕಾಲಿಗೆ ತಾಗಿಸಿಕೊಂಡು ಮಲಗಬೇಡಿ. ಸಾಕ್ಸ್ ಹಾಕಿ. ಕಾಶ್ಮೀರದಲ್ಲಿ ಕಾಂಗ್ಡಿ ಎಂಬ ಕೆಂಡದ ಕುಡಿಕೆಯನ್ನು ವರ್ಷಾನುಗಟ್ಟಲೆ ಮೈಗೆ ಒತ್ತಿಟ್ಟುಕೊಂಡವರಲ್ಲಿ ಹೊಟ್ಟೆ, ತೊಡೆಯ ಚರ್ಮಕ್ಕೆ ಕ್ಯಾನ್ಸರ್ ಬರುವುದನ್ನು ವೈದ್ಯರು 19ನೇ ಶತಮಾನದಲ್ಲೇ ಗುರುತಿಸಿದ್ದರು.

ಕೋಣೆಯಲ್ಲಿ ಬೆಂಕಿ ಅಥವಾ ಗೀಸರ್ ಉರಿಯುತ್ತಿರುವಾಗ ತಲೆನೋವು, ತಲೆಸುತ್ತು, ವಾಂತಿ ಬರುವಂತಾಗುವುದು, ಮಂಪರು ಇವು ಬಂದರೆ, ಅದರಲ್ಲೂ ಮನೆಯಲ್ಲಿ ಇಬ್ಬರು ಮೂವರಿಗೆ ಒಟ್ಟಿಗೇ ಬಂದರೆ, ಜ್ವರ, ಪಿತ್ತ ಎಂದು ಕೂರಬೇಡಿ. ಬಾಗಿಲು ಕಿಟಕಿ ತೆರೆದು ಎಲ್ಲರನ್ನೂ ತಕ್ಷಣ ಹೊರಗೆ ಕರೆತನ್ನಿ, 112ಕ್ಕೆ ಕರೆ ಮಾಡಿ, ಆಸ್ಪತ್ರೆಯಲ್ಲಿ "ಕೋಣೆಯಲ್ಲಿ ಕೆಂಡ ಇತ್ತು" ಎಂದು ಬಾಯಿಬಿಟ್ಟು ಹೇಳಿ. ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಬೆರಳಿಗೆ ಹಾಕಿ 98 ತೋರಿಸಿತೆಂದು ಸಮಾಧಾನಪಡಬೇಡಿ. ಆ ಯಂತ್ರಕ್ಕೆ ಆಮ್ಲಜನಕಕ್ಕೂ ಈ ಅನಿಲಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ರಕ್ತಪರೀಕ್ಷೆಯಿಂದ ಮಾತ್ರ ಖಚಿತವಾಗುತ್ತದೆ, ಮತ್ತು ಶುದ್ಧ ಆಮ್ಲಜನಕ ಎಷ್ಟು ಬೇಗ ಸಿಕ್ಕಿದರೆ ಅಷ್ಟು ಒಳ್ಳೆಯದು.