ಅಂಡಾಶಯದ ಗಂತಿಯನ್ನು ಒಡೆಯದೆ ತೆಗೆಯುವುದೇಕೆ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಹಳ್ಳಿಗಳಲ್ಲಿ ಹೆಂಗಸರು ಹೊಟ್ಟೆಯುಬ್ಬರವನ್ನು ವಾಯುವೆಂದೋ ಬೊಜ್ಜೆಂದೋ ಬಗೆದು ಸುಮ್ಮನಿರುವುದುಂಟು. ಕೆಲವೊಮ್ಮೆ ಅದು ಅಂಡಾಶಯದ ಗಂತಿಯಾಗಿರುತ್ತದೆ. ಇಂತಹ ಗಂತಿಗಳಲ್ಲಿ ಬಹುಪಾಲು ನಿರಪಾಯಕರವಾದುವು. ಕೆಲವು ಮಾತ್ರ ಏಡಿಗಂತಿ, ಎಂದರೆ ಕ್ಯಾನ್ಸರ್. ಕೈಯಿಂದ ಮುಟ್ಟಿ ನೋಡಿದಷ್ಟರಿಂದಲೇ ಇವನ್ನು ಬೇರ್ಪಡಿಸಲಾಗದು. ಹಾಗಾದರೆ ಶಸ್ತ್ರವೈದ್ಯರು ಯಾವ ಆಧಾರದ ಮೇಲೆ ನಿರ್ಧರಿಸುತ್ತಾರೆ?

ಇಲ್ಲಿ ನಮ್ಮ ಭೌತವಿಜ್ಞಾನ ನೆರವಿಗೆ ಬರುತ್ತದೆ. ಬಂಡೆಗೆ ಎದುರಾಗಿ ಕೂಗಿದರೆ ದನಿ ಮರಳುವಂತೆ, ದೇಹದೊಳಕ್ಕೆ ಕಳುಹಿಸಿದ ಶ್ರವಣಾತೀತ ಧ್ವನಿಯೂ ಅಂಗಗಳ ಎಲ್ಲೆಗಳಲ್ಲಿ ಪ್ರತಿಫಲಿಸುತ್ತದೆ. ಅಂಗಾಂಶಗಳಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 1,540 ಮೀಟರು. ಮಾರ್ದನಿ ಮರಳುವ ಕಾಲದಿಂದ ಆಳವನ್ನು ಲೆಕ್ಕ ಹಾಕಬಹುದು. ತಿಳಿದ್ರವ ತುಂಬಿದ ಚೀಲದ ಒಡಲು ಮೌನವಾಗಿರುತ್ತದೆ. ಒಳಗೆ ಘನಭಾಗಗಳೂ ಅಡ್ಡಗೋಡೆಗಳೂ ಇದ್ದರೆ ಮಾರ್ದನಿ ಕೇಳಿಬಂದು ಸಂಶಯ ಹುಟ್ಟುತ್ತದೆ. 1958ರಲ್ಲಿ ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಈ ವಿಧಾನವನ್ನು ಪ್ರಕಟಿಸಿದರು. ಶಸ್ತ್ರಕ್ರಿಯೆಗೆ ನಿಲುಕದ ಜಠರದ ಕ್ಯಾನ್ಸರೆಂದು ಕೈಬಿಟ್ಟಿದ್ದ ಒಬ್ಬ ಹೆಂಗಸಿನಲ್ಲಿ ಮಾರ್ದನಿಯು ಅಂಡಾಶಯದ ದೊಡ್ಡ ಚೀಲವೊಂದನ್ನು ತೋರಿಸಿತ್ತು. ಅದನ್ನು ತೆಗೆದುಹಾಕಲು ಸಾಧ್ಯವಾಯಿತು.

1990ರಲ್ಲಿ ಲಂಡನ್ನಿನ ವೈದ್ಯರು ಸಂಶಯವನ್ನು ಗುಣಾಕಾರಕ್ಕೆ ಇಳಿಸಿದರು. ಚಿತ್ರದ ಲಕ್ಷಣಗಳಿಗೆ 0, 1 ಅಥವಾ 3. ಮುಟ್ಟು ನಿಂತಿದ್ದರೆ 3, ಇಲ್ಲವಾದರೆ 1. ಇವನ್ನು ರಕ್ತದ ಸಿಎ-125 ಪ್ರಮಾಣದಿಂದ ಗುಣಿಸಬೇಕು. ಲಬ್ಧ 200ನ್ನು ಮೀರಿದರೆ ಸಂಶಯ ಬಲವಾದುದು. ಆದರೆ ಹೊಟ್ಟೆಯ ಕ್ಷಯದಲ್ಲಿಯೂ ಸಿಎ-125 ಏರುವುದುಂಟು. ಆದುದರಿಂದ ಈ ಸಂಖ್ಯೆ ರೋಗವನ್ನು ಸಿದ್ಧಪಡಿಸುವುದಿಲ್ಲ. ಯಾವ ಶಸ್ತ್ರವೈದ್ಯರ ಬಳಿಗೆ ಹೋಗಬೇಕೆಂಬುದನ್ನು ಸೂಚಿಸುತ್ತದೆ.

ಅದೇ ಮುಖ್ಯ. ಬೈಲಹೊಂಗಲದ ರೈತರಿಗೆ ಹತ್ತಿಯ ಕಾಯಿ ಗೊತ್ತು: ಬಿರಿಯುವವರೆಗೆ ಎಲ್ಲವೂ ಒಳಗೇ ಇರುತ್ತದೆ, ಬಿರಿದ ಮೇಲೆ ಅರಳೆ ಗಾಳಿಯ ಪಾಲು. ಅಂಡಾಶಯಕ್ಕಷ್ಟೇ ಸೀಮಿತವಾದ ಕ್ಯಾನ್ಸರು ಶಸ್ತ್ರಕ್ರಿಯೆಯಲ್ಲಿ ಒಡೆದರೆ ಜೀವಕೋಶಗಳು ಹೊಟ್ಟೆಯಲ್ಲಿ ಚೆಲ್ಲುತ್ತವೆ. ಮೊದಲ ಹಂತದ 'ಎ' ವರ್ಗದ ರೋಗ 'ಸಿ' ವರ್ಗಕ್ಕೆ ಸೇರುತ್ತದೆ. ಆದುದರಿಂದ ಸಂಶಯಾಸ್ಪದ ಗಂತಿಗೆ ಸೂಜಿ ಚುಚ್ಚಿ ನೀರು ತೆಗೆಯಬಾರದು, ಇಡಿಯಾಗಿಯೇ ಹೊರತೆಗೆಯಬೇಕು. ರೋಗಿ ಮೇಜಿನ ಮೇಲಿರುವಾಗಲೇ ಅದರ ತುಣುಕನ್ನು ಹೆಪ್ಪುಗಟ್ಟಿಸಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಅನುಕೂಲವಿದ್ದರೆ ಮುಂದಿನ ಹೆಜ್ಜೆ ಸುಗಮ: ನಿರಪಾಯವೆಂದಾದರೆ ಅಲ್ಲಿಗೇ ಮುಗಿಯಿತು, ಕ್ಯಾನ್ಸರಾದರೆ ಸಾಮಾನ್ಯವಾಗಿ ಗರ್ಭಕೋಶ, ಇನ್ನೊಂದು ಅಂಡಾಶಯ, ಕರುಳ ಮುಂದಿನ ಕೊಬ್ಬಿನ ಪದರಗಳನ್ನೂ ತೆಗೆಯಬೇಕಾಗುವುದು. ಆರಂಭದ ಹಂತದಲ್ಲಿರುವ ತರುಣಿಯರಲ್ಲಿ ಗರ್ಭಕೋಶವನ್ನೂ ಆರೋಗ್ಯವಾದ ಅಂಡಾಶಯವನ್ನೂ ಉಳಿಸಲು ಸಾಧ್ಯವುಂಟು.

ಕೆಲವು ವಾರ ಬಿಡದ ಹೊಟ್ಟೆಯುಬ್ಬರ, ಸ್ವಲ್ಪ ಉಣ್ಣುವಷ್ಟರಲ್ಲೇ ಹೊಟ್ಟೆ ತುಂಬಿದಂತಾಗುವುದು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು—ಇವನ್ನು ಅಲಕ್ಷಿಸದೆ ಸಮೀಪದ ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್ ಮಾಡಿಸಬೇಕು. ಸಂಶಯ ಕಂಡರೆ ಬೆಳಗಾವಿ, ಹುಬ್ಬಳ್ಳಿಗಳಂತಹ ಊರುಗಳಲ್ಲಿ ಕ್ಯಾನ್ಸರ್ ಶಸ್ತ್ರಕ್ರಿಯೆಯಲ್ಲಿ ಪಳಗಿದವರ ಬಳಿಗೆ ಹೋಗುವುದೇ ಲೇಸು. ಒಡೆದ ಕಾಯಿಯನ್ನು ಮತ್ತೆ ಕೂಡಿಸಲು ಬಾರದು. ಮೊದಲ ಶಸ್ತ್ರಕ್ರಿಯೆಯೇ ಸರಿಯಾದ ಕೈಯಲ್ಲಿ ನಡೆಯಲಿ.