ಹಳೆಯ ಪೈಪ್, ಚಪ್ಪಲಿ ಕರಗಿಸಿ ಗಾಳದ ಹುಳ ಮಾಡಬಹುದೇ? ವಿಡಿಯೋದಲ್ಲಿ ತೋರಿಸದ ಸಂಗತಿಗಳು

ಗಾಳ ಹಾಕುವ ಹವ್ಯಾಸ ಇರುವವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಬಗೆಯ ವಿಡಿಯೋ ಮತ್ತೆ ಮತ್ತೆ ಬರುತ್ತದೆ. ಗ್ಯಾಸ್ ಒಲೆಯ ಮೇಲೆ ಹಳೆಯ ಬಾಣಲೆ. ಅದರಲ್ಲಿ ಪಿವಿಸಿ ಪೈಪಿನ ಚೂರು, ಹರಿದ ಚಪ್ಪಲಿ, ಹಾಲಿನ ಕವರ್. ಎಲ್ಲ ಕರಗುತ್ತದೆ, ಒಂದಿಷ್ಟು ಬಣ್ಣ ಬೀಳುತ್ತದೆ, ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚಿಗೆ ಸುರಿಯುತ್ತಾರೆ. ಮರುಕ್ಷಣ ಅಚ್ಚಿನಿಂದ ಬಳುಕುವ ಕೆಂಪು ಎರೆಹುಳು ಹೊರಬರುತ್ತದೆ. ಕೆಳಗೆ ಒಂದು ಸಾಲು: ‘ಅಂಗಡಿಯಲ್ಲಿ ನೂರಾರು ರೂಪಾಯಿ, ಮನೆಯಲ್ಲಿ ಬಿಟ್ಟಿ!’

ನಮ್ಮ ಓದುಗರೊಬ್ಬರು ಇಂಥದ್ದೊಂದನ್ನು ಕಳುಹಿಸಿ ಎರಡೇ ಮಾತು ಬರೆದಿದ್ದರು. ‘ಇದು ನಿಜವಾ? ಮಗ ರಜೆಯಲ್ಲಿ ಮಾಡ್ತೀನಿ ಅಂತ ಕೂತಿದಾನೆ.’

ಚಿಕ್ಕ ಉತ್ತರ ಹೇಳಿಬಿಡುತ್ತೇವೆ. ಮೆತ್ತನೆಯ ಪ್ಲಾಸ್ಟಿಕ್ ಹುಳವನ್ನು ಮನೆಯಲ್ಲಿ ಅಚ್ಚು ಹಾಕಿ ಮಾಡಬಹುದು ಎಂಬುದು ನಿಜ. ಹಳೆಯ ಪೈಪ್, ಚಪ್ಪಲಿ, ಕವರ್ ಕರಗಿಸಿದರೆ ಅದು ಆಗುತ್ತದೆ ಎಂಬುದು ಸುಳ್ಳು. ಆ ಸುಳ್ಳನ್ನು ನಂಬಿ ಒಲೆ ಹಚ್ಚಿದರೆ ಹುಳವಂತೂ ಸಿಗುವುದಿಲ್ಲ, ಮನೆ ತುಂಬ ಹೊಗೆ ಸಿಗುತ್ತದೆ. ದೊಡ್ಡ ಉತ್ತರ ಬೇಕಿದ್ದವರು ಮುಂದೆ ಓದಿ.

ಈ ಹುಳ ಹುಟ್ಟಿದ್ದೇ ಅಡುಗೆಮನೆಯಲ್ಲಿ

ಮೀನುಗಳಿಗೆ ಆಸೆ ತೋರಿಸುವ ಕೃತಕ ಎರೆಯನ್ನು ಹವ್ಯಾಸಿಗಳು ‘ಲೂರ್’ ಎನ್ನುತ್ತಾರೆ. ಮರ, ಲೋಹ, ಗಟ್ಟಿ ಪ್ಲಾಸ್ಟಿಕ್‌ನ ಲೂರ್‌ಗಳು ಬಹಳ ಹಿಂದಿನಿಂದ ಇದ್ದವು. ಮೀನು ಅವನ್ನು ಕಚ್ಚಿದ ಕೂಡಲೇ ‘ಇದು ತಿಂಡಿಯಲ್ಲ’ ಎಂದು ತಿಳಿದು ಉಗಿದುಬಿಡುತ್ತದೆ. ಮೆತ್ತಗಿದ್ದರೆ ಇನ್ನೊಂದೆರಡು ಕ್ಷಣ ಬಾಯಲ್ಲಿ ಇಟ್ಟುಕೊಳ್ಳುತ್ತದೆ. ಗಾಳ ಎಳೆಯುವವನಿಗೆ ಅಷ್ಟು ಸಾಕು.

1949ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆ್ಯಕ್ರನ್ ಊರಿನಲ್ಲಿ ನಿಕ್ ಕ್ರೀಮ್ ಮತ್ತು ಅವರ ಪತ್ನಿ ಕಾಸ್ಮಾ ತಮ್ಮ ಮನೆಯಲ್ಲೇ ಮೆತ್ತನೆಯ ಪ್ಲಾಸ್ಟಿಕ್ ಎರೆಹುಳು ತಯಾರಿಸಿದರು. ನಿಜವಾದ ಎರೆಹುಳುವಿನಿಂದ ಅಚ್ಚು ತೆಗೆದು, ಅದಕ್ಕೆ ಒಲೆಯ ಮೇಲೆ ಬಿಸಿ ಮಾಡಿದ ವಿನೈಲ್ ಮಿಶ್ರಣವನ್ನು ಸುರಿದಿದ್ದರು. ಮುಂದೆ ಅದೇ ದೊಡ್ಡ ಉದ್ಯಮವಾಯಿತು. ಹಾಗಾಗಿ ‘ಮನೆಯಲ್ಲಿ ಇದೆಲ್ಲ ಆಗೋದಿಲ್ಲ, ಕಾರ್ಖಾನೆಯೇ ಬೇಕು’ ಎಂದು ಯಾರಾದರೂ ಹೇಳಿದರೆ ಅದೂ ತಪ್ಪು. ಕ್ರೀಮ್ ದಂಪತಿ ಬಾಣಲೆಗೆ ಹಾಕಿದ್ದು ಏನು ಎಂಬುದರಲ್ಲೇ ಎಲ್ಲ ಅಡಗಿದೆ.

ಹಾಗಾದರೆ ಹಾಕಬೇಕಾದ್ದು ಏನು?

ಅದರ ಹೆಸರು ಪ್ಲಾಸ್ಟಿಸಾಲ್. ನೋಡಲು ಹಾಲಿನಂಥ ದ್ರವ. ಪಿವಿಸಿಯ ಬಹಳ ನುಣ್ಣನೆಯ ಪುಡಿಯನ್ನು ಎಣ್ಣೆಯಂಥ ‘ಪ್ಲಾಸ್ಟಿಸೈಸರ್’ನಲ್ಲಿ ಕಲಸಿಟ್ಟಿರುತ್ತಾರೆ. ತಣ್ಣಗಿರುವಾಗ ಪುಡಿ ಬೇರೆ, ಎಣ್ಣೆ ಬೇರೆ. ಬಿಸಿ ಮಾಡಿದಾಗ ಪುಡಿಯ ಕಣಗಳು ಎಣ್ಣೆಯನ್ನು ಹೀರಿ ಉಬ್ಬಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಪೋಸ್ಟರ್ ಅಂಟಿಸಲು ಮೈದಾ ಗಂಜಿ ಕಾಸಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ನೀರಿನಲ್ಲಿ ಕದಡಿದ ಮೈದಾ ಬಿಸಿಯಾಗುತ್ತಿದ್ದಂತೆ ಉಬ್ಬಿ, ದಪ್ಪಗಾಗಿ, ಬಿಳುಪು ಹೋಗಿ ಪಾರಕವಾಗುತ್ತದಲ್ಲ, ಹಾಗೆಯೇ. ಪ್ಲಾಸ್ಟಿಸಾಲ್ ಸುಮಾರು 170ರಿಂದ 180 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಪೂರ್ತಿ ತಿಳಿಯಾಗಿ ಜೇನಿನಂತೆ ಹರಿಯುತ್ತದೆ. ಅಚ್ಚಿನಲ್ಲಿ ಆರಿದರೆ ಬಳುಕುವ ರಬ್ಬರಿನಂತಾಗುತ್ತದೆ. ಎಣ್ಣೆ ಹೆಚ್ಚಿದ್ದಷ್ಟೂ ಹುಳ ಮೆತ್ತಗೆ.

ಹೆಸರು ಹೊಸದೆನಿಸಿದರೂ ವಸ್ತು ನಿಮಗೆ ಹೊಸದಲ್ಲ. ಟಿ-ಶರ್ಟ್ ಮೇಲೆ ದಪ್ಪಗೆ, ರಬ್ಬರಿನಂತೆ ಕೂತಿರುವ ಪ್ರಿಂಟ್ ಬಹಳಷ್ಟು ಸಲ ಪ್ಲಾಸ್ಟಿಸಾಲ್ ಶಾಯಿಯದ್ದು. ಶಾಲೆಯ ಕಂಪಾಸ್ ಬಾಕ್ಸಿನಲ್ಲಿ ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ರಬ್ಬರ್ ಹೋಗಿ ಪ್ಲಾಸ್ಟಿಕ್ ಸ್ಕೇಲಿಗೆ ಅಂಟಿಕೊಂಡು, ಕಿತ್ತರೆ ಸ್ಕೇಲಿನಲ್ಲಿ ಗುಳಿ ಬಿದ್ದಿದ್ದು ನೆನಪಿದೆಯೇ? ಅನೇಕ ರಬ್ಬರುಗಳು ಮೆತ್ತಗಾಗಿಸಿದ ಪಿವಿಸಿಯವು. ಅದರೊಳಗಿನ ಪ್ಲಾಸ್ಟಿಸೈಸರ್ ಮೆಲ್ಲಗೆ ಹೊರಬಂದು ಸ್ಕೇಲನ್ನು ಕರಗಿಸಿರುತ್ತದೆ. ಮೆತ್ತನೆಯ ಲೂರ್‌ಗಳನ್ನು ಸಿಕ್ಕಸಿಕ್ಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟರೆ ಡಬ್ಬಿಯೇ ಅಂಟಂಟಾಗುವುದೂ ಇದೇ ಕಾರಣಕ್ಕೆ.

ಪೈಪು, ಚಪ್ಪಲಿ, ಕವರ್ ಯಾಕೆ ಆಗುವುದಿಲ್ಲ?

‘ಪೈಪೂ ಪಿವಿಸಿ, ಹುಳವೂ ಪಿವಿಸಿ, ಮತ್ತೇನು?’ ಎಂದು ಕೇಳಬಹುದು. ಪೈಪು ಗಟ್ಟಿಯಾಗಿರಬೇಕು, ಆದ್ದರಿಂದ ಅದರಲ್ಲಿ ಆ ಎಣ್ಣೆಯಂಶ ಇರುವುದಿಲ್ಲ. ಬಾಣಲೆಯಲ್ಲಿ ಹಾಕಿದರೆ ಮೆತ್ತಗಾಗುತ್ತದೆ, ಬಾಗುತ್ತದೆ. ಸುರಿಯುವಷ್ಟು ತೆಳ್ಳಗಾಗುವ ಮೊದಲೇ ಹಳದಿ, ಆಮೇಲೆ ಕಂದು, ಆಮೇಲೆ ಕಪ್ಪು. ಅಂದರೆ ಕರಗುತ್ತಿಲ್ಲ, ಒಡೆದುಹೋಗುತ್ತಿದೆ. ಮೇಲಿನಿಂದ ಅಡುಗೆ ಎಣ್ಣೆ ಹಾಕಿದರೆ ಮೆತ್ತಗಾಗುತ್ತದೆ ಎಂಬ ಸಲಹೆಯೂ ಕೆಲವು ವಿಡಿಯೋಗಳಲ್ಲಿದೆ. ಅದರಿಂದ ಸಿಗುವುದು ಎಣ್ಣೆಯಲ್ಲಿ ಕರಿದ ಪೈಪು.

ಹಳೆಯ ಪೈಪಿನಲ್ಲಿ ಇನ್ನೊಂದು ತೊಂದರೆ ಇದೆ. ಬಿಸಿಗೆ, ಬಿಸಿಲಿಗೆ ಪಿವಿಸಿ ಒಡೆಯದಿರಲೆಂದು ಸ್ಟೆಬಿಲೈಸರ್ ಬೆರೆಸುತ್ತಾರೆ. ಭಾರತದಲ್ಲಿ ಇದಕ್ಕೆ ಸೀಸದ ಸಂಯುಕ್ತಗಳನ್ನು ಬಳಸುತ್ತಿದ್ದರು. ಪಿವಿಸಿ ಪೈಪುಗಳಲ್ಲಿ ಸೀಸದ ಸ್ಟೆಬಿಲೈಸರ್ ಕೈಬಿಡಿಸಲು ಕೇಂದ್ರ ಪರಿಸರ ಸಚಿವಾಲಯ ನಿಯಮ ಹೊರಡಿಸಿದ್ದು 2021ರಲ್ಲಿ. ಅಂದರೆ ನಿಮ್ಮ ಹಿತ್ತಲಲ್ಲಿ ಬಿದ್ದಿರುವ ಹತ್ತು ವರ್ಷದ ಹಿಂದಿನ ಪೈಪಿನಲ್ಲಿ ಸೀಸ ಇರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಗರಗಸದಲ್ಲಿ ಕೊಯ್ದು ಪುಡಿ ಮಾಡಿ, ಒಲೆಗಿಡುವ ವಸ್ತು ಅದಲ್ಲ.

ಹವಾಯಿ ಚಪ್ಪಲಿಯ ಅಟ್ಟೆ ರಬ್ಬರಿನದ್ದಾದರೆ ಕರಗುವುದೇ ಇಲ್ಲ. ಗಂಧಕ ಸೇರಿಸಿ ಹದಗೊಳಿಸಿದ ರಬ್ಬರ್ ಬಿಸಿಗೆ ಹೊಗೆಯಾಡಿ ಕರಕಲಾಗುತ್ತದೆ, ಅಷ್ಟೇ. ಹಾಲಿನ ಕವರ್ ಪಾಲಿಥಿನ್. ಕರಗುತ್ತದೆ, ಆದರೆ ಆರಿದ ಮೇಲೆ ಗಟ್ಟಿ ಮೇಣದ ಉಂಡೆಯಂತಾಗುತ್ತದೆ. ಪಿವಿಸಿಯೊಂದಿಗೆ ಬೆರೆಯುವುದೂ ಇಲ್ಲ. ಈ ಮೂರನ್ನೂ ಒಂದೇ ಬಾಣಲೆಯಲ್ಲಿ ಹಾಕಿ ಬಳುಕುವ ಹುಳ ತೆಗೆದವರು, ನಡುವೆ ಒಂದು ಕಡೆ ವಿಡಿಯೋ ಕತ್ತರಿಸಿ ಬಾಣಲೆ ಬದಲಿಸಿದ್ದಾರೆ ಎಂದೇ ತಿಳಿಯಬೇಕು. ಮುಂದಿನ ಸಲ ಇಂಥ ವಿಡಿಯೋ ಬಂದಾಗ ಆ ಜಾಗ ಹುಡುಕಿ ನೋಡಿ.

ಹೊಗೆಯಲ್ಲಿ ಏನಿರುತ್ತದೆ?

ಪಿವಿಸಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು, ಸುಮಾರು ಶೇ 57ರಷ್ಟು, ಕ್ಲೋರಿನ್. ಅತಿಯಾಗಿ ಬಿಸಿಯಾದಾಗ ಇದು ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಹೊರಬರುತ್ತದೆ. ಆ ಅನಿಲ ಕಣ್ಣು, ಮೂಗು, ಗಂಟಲಿನ ತೇವಕ್ಕೆ ತಗುಲಿದ ಕೂಡಲೇ ಹೈಡ್ರೋಕ್ಲೋರಿಕ್ ಆಮ್ಲ. ಕಣ್ಣುರಿ, ಕೆಮ್ಮು, ಎದೆ ಬಿಗಿತ. ಉಬ್ಬಸ ಇರುವವರಿಗೆ, ಮಕ್ಕಳಿಗೆ ತೊಂದರೆ ಬೇಗ.

ಒಳ್ಳೆಯ ಪ್ಲಾಸ್ಟಿಸಾಲ್ ತಂದರೂ ಈ ಭಯ ತಪ್ಪಿದ್ದಲ್ಲ. ಅದು ಹದಕ್ಕೆ ಬರುವುದು 170–180 ಡಿಗ್ರಿಯಲ್ಲಿ, ಹೆಚ್ಚುಕಡಿಮೆ ಬೋಂಡಾ ಕರಿಯುವ ಎಣ್ಣೆಯ ಬಿಸಿ. 200 ದಾಟಿದರೆ ಒಡೆಯುವುದು ಚುರುಕಾಗುತ್ತದೆ. ನಡುವೆ ಇರುವ ಅಂತರ ಇಪ್ಪತ್ತು ಮೂವತ್ತು ಡಿಗ್ರಿ ಮಾತ್ರ. ಗ್ಯಾಸ್ ಒಲೆಯಲ್ಲಿ ಬಾಣಲೆಯ ತಳ ಆ ಗೆರೆಯನ್ನು ನಿಮಿಷಗಳಲ್ಲಿ ದಾಟುತ್ತದೆ. ಮೇಲೆ ಇನ್ನೂ ಹಾಲಿನಂತೆ ಬೆಳ್ಳಗಿರುವಾಗಲೇ ಕೆಳಗೆ ತಳ ಹಿಡಿದಿರುತ್ತದೆ. ಕೈ ಅಂದಾಜಿನಲ್ಲಿ ಸಾರು ಕುದಿಸಬಹುದು, ಇದನ್ನು ಆಗದು. ಥರ್ಮಾಮೀಟರ್ ಬೇಕೇಬೇಕು.

‘ಮಾಸ್ಕ್ ಹಾಕಿಕೊಂಡೇ ಮಾಡಿ’ ಎಂದು ಕೆಲವು ಫಾರ್ವರ್ಡ್‌ಗಳು ಸಲಹೆ ಕೊಡುತ್ತವೆ. ಕೊರೊನಾ ಕಾಲದಲ್ಲಿ ತಂದಿಟ್ಟ ಎನ್95 ಮಾಸ್ಕ್ ಧೂಳಿನಂಥ ಕಣಗಳನ್ನು ತಡೆಯುತ್ತದೆ. ಅನಿಲವನ್ನು ತಡೆಯುವುದಿಲ್ಲ. ಬಟ್ಟೆಯ ಮಾಸ್ಕ್ ಬಗ್ಗೆ ಹೇಳುವುದೇ ಬೇಡ. ಅನಿಲಕ್ಕೆ ಬೇರೆಯೇ ಕಾರ್ಟ್ರಿಡ್ಜ್ ಇರುವ ಮುಖಗವಸು ಬೇಕು, ಮಾಡುವ ಜಾಗ ಬಯಲಿನಂತಿರಬೇಕು. ಅಪಾರ್ಟ್‌ಮೆಂಟಿನ ಅಡುಗೆಮನೆಯ ಚಿಕ್ಕ ಎಕ್ಸಾಸ್ಟ್ ಫ್ಯಾನ್ ನಂಬಿ ಇದಕ್ಕೆ ಕೈಹಾಕಬೇಡಿ.

ಇನ್ನು ಪ್ಲಾಸ್ಟಿಸೈಸರ್. ಇದಕ್ಕೆ ಥಾಲೇಟ್ ಎಂಬ ಗುಂಪಿನ ರಾಸಾಯನಿಕಗಳನ್ನು ಬಹಳ ಕಾಲ ಬಳಸಿದ್ದಾರೆ. ಅವುಗಳಲ್ಲಿ ಕೆಲವು ಹಾರ್ಮೋನುಗಳ ಕೆಲಸಕ್ಕೆ ಅಡ್ಡಿ ಮಾಡುತ್ತವೆ ಎಂಬ ಕಾರಣಕ್ಕೆ ಐರೋಪ್ಯ ಒಕ್ಕೂಟ ಮಕ್ಕಳ ಆಟಿಕೆಗಳಲ್ಲಿ ತೂಕದ ಶೇ 0.1ರ ಮಿತಿ ಹಾಕಿದೆ. ಥಾಲೇಟ್ ಇಲ್ಲದ ಪ್ಲಾಸ್ಟಿಸಾಲ್ ಕೂಡ ಈಗ ಸಿಗುತ್ತದೆ. ಹಾಗೆಂದು ‘ಪ್ಲಾಸ್ಟಿಕ್ ಹುಳ ಮುಟ್ಟಿದರೆ ಕಾಯಿಲೆ ಗ್ಯಾರಂಟಿ’ ಎಂಬ ಫಾರ್ವರ್ಡ್ ಬಂದರೆ ಅದನ್ನೂ ನಂಬಬೇಡಿ. ಗಾಳಕ್ಕೆ ಚುಚ್ಚಿ ಕೈ ತೊಳೆದುಕೊಂಡರೆ ಸಾಕು. ನಾವು ಹೇಳುತ್ತಿರುವುದು ಅದನ್ನು ಕಾಯಿಸಿ ಆವಿ ಕುಡಿಯುವ ಬಗ್ಗೆ, ಕಾಯಿಸಿದ ಪಾತ್ರೆಯಲ್ಲೇ ಮರುದಿನ ಉಪ್ಪಿಟ್ಟು ಮಾಡುವ ಬಗ್ಗೆ.

ಹಸಿ ಅಚ್ಚು, ಸಿಡಿಯುವ ಪ್ಲಾಸ್ಟಿಕ್

ಹೊಗೆಯ ಭಯ ಎಲ್ಲರಿಗೂ ಇರುತ್ತದೆ. ಅಚ್ಚಿನ ಭಯ ಯಾರಿಗೂ ಇರುವುದಿಲ್ಲ. ಪ್ಲಾಸ್ಟರ್ ಆಫ್ ಪ್ಯಾರಿಸ್ ಅರ್ಧ ಗಂಟೆಯಲ್ಲಿ ಗಟ್ಟಿಯಾಗುತ್ತದೆ, ಮುಟ್ಟಿದರೆ ಒಣಗಿದಂತೆಯೇ ಇರುತ್ತದೆ. ಒಳಗೆ ನೀರು ದಿನಗಟ್ಟಲೆ ಉಳಿದಿರುತ್ತದೆ. ಅದರ ಮೇಲೆ 175 ಡಿಗ್ರಿಯ ದ್ರವ ಸುರಿದರೆ ನೀರು ಒಮ್ಮೆಲೇ ಆವಿಯಾಗಿ ಸಾವಿರಾರು ಪಟ್ಟು ಹಿಗ್ಗುತ್ತದೆ. ಒಗ್ಗರಣೆಯ ಎಣ್ಣೆಗೆ ತೊಳೆದ ಕರಿಬೇವು ಹಾಕಿದಾಗ ಆಗುವುದೇ ಇಲ್ಲೂ ಆಗುತ್ತದೆ. ಎಣ್ಣೆಯ ಹನಿಯಾದರೆ ಚರ್ಮದಿಂದ ಜಾರಿಹೋಗುತ್ತದೆ. ಪ್ಲಾಸ್ಟಿಸಾಲ್ ಅಲ್ಲೇ ಅಂಟಿ ಕೂತು ಸುಡುತ್ತಲೇ ಇರುತ್ತದೆ.

ಅಕಸ್ಮಾತ್ ಮೈಮೇಲೆ ಬಿದ್ದರೆ ಏನು ಮಾಡಬೇಕು? ಅಂಟಿದ ಪ್ಲಾಸ್ಟಿಕ್ ಕೀಳಲು ಹೋಗಬೇಡಿ, ಚರ್ಮವೂ ಜೊತೆಗೇ ಬರುತ್ತದೆ. ನಲ್ಲಿ ತಿರುಗಿಸಿ, ತಣ್ಣೀರು 20 ನಿಮಿಷ ಹರಿಯಲಿ. ಐಸ್ ಬೇಡ. ಟೂತ್‌ಪೇಸ್ಟ್, ಇಂಕು, ಅರಿಶಿನ, ಕಾಫಿಪುಡಿ ಯಾವುದೂ ಬೇಡ. ಆಮೇಲೆ ಆಸ್ಪತ್ರೆಗೆ ಹೋಗಿ, ಅವರು ತೆಗೆಯುತ್ತಾರೆ.

ದೊಡ್ಡವರು ಯಾರಾದರೂ ಇದನ್ನು ಮಾಡಲೇಬೇಕೆಂದು ಹೊರಟಿದ್ದರೆ, ಬಿಸಿ ತಡೆಯುವ ಸಿಲಿಕೋನ್ ಅಥವಾ ಅಲ್ಯೂಮಿನಿಯಂ ಅಚ್ಚು ಒಳ್ಳೆಯದು. ಪ್ಲಾಸ್ಟರ್ ಅಚ್ಚೇ ಆದರೆ ವಾರಗಟ್ಟಲೆ ಒಣಗಿಸಿ, ಒಳಮೈಗೆ ಬಿಸಿ ತಡೆಯುವ ಲೇಪ ಹಚ್ಚಬೇಕು. ಮಾಡುವ ಜಾಗ ಮನೆಯ ಹೊರಗಿರಲಿ. ಥರ್ಮಾಮೀಟರ್, ಉದ್ದ ತೋಳಿನ ಅಂಗಿ, ದಪ್ಪ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಪಾತ್ರೆ ಈ ಕೆಲಸಕ್ಕೇ ಮೀಸಲು. ಮೈಕ್ರೋವೇವ್ ಬಳಸಿದರೆ ಅದೂ ಮೀಸಲು, ಮತ್ತೆ ಅದರಲ್ಲಿ ಊಟ ಬಿಸಿ ಮಾಡುವಂತಿಲ್ಲ. ಉಳಿದ ಚೂರನ್ನು ಇನ್ನೊಮ್ಮೆ ಕರಗಿಸಿ ಹುಳ ಮಾಡಬಹುದು. ಕಸದ ಜೊತೆ ಬೆಂಕಿಗೆ ಹಾಕಬೇಡಿ, ಪಿವಿಸಿ ಉರಿದರೆ ಡಯಾಕ್ಸಿನ್ ಎಂಬ ಬಹಳ ಕೆಟ್ಟ ವಿಷಗಳು ಹುಟ್ಟುತ್ತವೆ.

ಇದೇ ಸರಣಿಯ ವಿಡಿಯೋಗಳಲ್ಲಿ ಹಳೆಯ ಬ್ಯಾಟರಿಯ ಸೀಸ ಕರಗಿಸಿ ಗಾಳದ ತೂಕದ ಗುಂಡು ಮಾಡುವುದನ್ನೂ ತೋರಿಸುತ್ತಾರೆ. ಅದನ್ನು ಮನೆಯಲ್ಲಿ ಮಾಡಲೇಬೇಡಿ. ಸೀಸದ ಇಷ್ಟು ಪ್ರಮಾಣ ಸುರಕ್ಷಿತ ಎಂಬ ಮಿತಿಯೇ ತಿಳಿದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಅದು ನೇರ ಪೆಟ್ಟು.

ಕೆರೆಯಲ್ಲಿ ಉಳಿದುಹೋದ ಹುಳ

ಗಾಳದಿಂದ ಕಿತ್ತುಬಂದ ಪ್ಲಾಸ್ಟಿಕ್ ಹುಳ ಕೊಳೆಯುವುದಿಲ್ಲ. ಕೆರೆಯ ತಳದಲ್ಲಿ ನೀರು ಕುಡಿದು ಉಬ್ಬಿಕೊಂಡೇ ಇರುತ್ತದೆ. ಅಮೆರಿಕದ ಮೇನ್ ರಾಜ್ಯದಲ್ಲಿ ಬ್ರೂಕ್ ಟ್ರೌಟ್ ಮೀನುಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತೊಟ್ಟಿಯಲ್ಲಿ ಹಾಕಿದ ಮೆತ್ತನೆಯ ಲೂರ್‌ಗಳನ್ನು ಮೀನುಗಳು ತಾವಾಗಿಯೇ ತಿಂದವು. ಹುಳ ವಾರಗಟ್ಟಲೆ ಹೊಟ್ಟೆಯಲ್ಲೇ ಉಳಿಯಿತು, ಮೀನುಗಳ ತೂಕ ಇಳಿಯಿತು. ಹಾಗಾಗಿ ಹರಿದ ಹುಳವನ್ನು ದಡದಲ್ಲಿ ಎಸೆಯದೆ ಜೇಬಿಗೆ ಹಾಕಿಕೊಂಡು ಬನ್ನಿ.

ನಮ್ಮ ಕೆರೆಗಳಲ್ಲಿ ಕಾಟ್ಲಾ, ರೋಹು ಹಿಡಿಯುವವರಿಗೆ ಇದರ ಅಗತ್ಯವೇ ಕಡಿಮೆ. ಅವು ಚಲಿಸುವ ಹುಳದ ಬೆನ್ನು ಹತ್ತುವ ಮೀನುಗಳಲ್ಲ. ರಾಗಿ ಹಿಟ್ಟು, ಮೈದಾ ಉಂಡೆ, ಬೆಲ್ಲದ ವಾಸನೆ ಅವಕ್ಕೆ ಸಾಕು. ಮುರ್ರೆಲ್‌ನಂಥ ಬೇಟೆ ಮೀನಿನ ಹಿಂದೆ ಹೋಗುವವರಿಗೆ ಮಾತ್ರ ಮೆತ್ತನೆಯ ಹುಳ, ಕಪ್ಪೆಗಳು ಕೆಲಸಕ್ಕೆ ಬರುತ್ತವೆ.

ಆ ಓದುಗರ ಮಗನ ಆಸೆಗೆ ಅಡ್ಡಗಾಲು ಹಾಕುವುದು ನಮಗೂ ಇಷ್ಟವಿರಲಿಲ್ಲ. ಅಚ್ಚು ಮಾಡಿ, ಸುರಿದು, ಬಿಡಿಸಿ ನೋಡುವ ಖುಷಿಗೆ ಪಿವಿಸಿಯೇ ಆಗಬೇಕೆಂದಿಲ್ಲ. ನಾವು ಅಡುಗೆಮನೆಯಲ್ಲಿ ಎರಡು ಪ್ರಯೋಗ ಮಾಡಿದೆವು. ಜೆಲಟಿನ್ ಹುಳ ಸೊಗಸಾಗಿ ಬಳುಕಿತು, ಆದರೆ ಮಧ್ಯಾಹ್ನದ ಬಿಸಿಲಿನಲ್ಲಿ ಬಕೆಟ್ಟಿನ ನೀರಿಗೆ ಬಿಟ್ಟ ಸ್ವಲ್ಪ ಹೊತ್ತಿಗೆ ಜೋಲುಬಿತ್ತು. ಪಾಯಸ, ಪುಡ್ಡಿಂಗಿಗೆ ಬಳಸುವ ಚೈನಾ ಗ್ರಾಸ್‌ನ ಹುಳ ಬಿಸಿಲಿಗೆ ಜಗ್ಗಲಿಲ್ಲ, ಆದರೆ ಗಾಳಕ್ಕೆ ಚುಚ್ಚುವಾಗ ಮುರಿಯಿತು. ಚೈನಾ ಗ್ರಾಸ್ ದಪ್ಪಗೆ ಕಾಸಿ, ಅಚ್ಚಿನ ನಡುವೆ ಒಂದು ಹತ್ತಿ ದಾರ ಇಟ್ಟು ಸುರಿದಾಗ ನಾಲ್ಕೈದು ಎಸೆತ ತಡೆಯಿತು. ಮಿಕ್ಕಿದ್ದನ್ನು ಮೀನು ತಿಂದರೂ ತೊಂದರೆಯಿಲ್ಲ, ದಾರ ಮಾತ್ರ ಮರೆಯದೆ ಎಳೆದುಕೊಳ್ಳಬೇಕು. ಅದೂ ಕುದಿಯುವ ದ್ರವವೇ, ದೊಡ್ಡವರು ಪಕ್ಕದಲ್ಲಿರಲಿ. ಅಳತೆ ಕೇಳಿದ್ದಕ್ಕೆ ಅವರಿಗೆ ಬರೆದಿದ್ದು ಇಷ್ಟು: ಪ್ಯಾಕೆಟ್ಟಿನ ಮೇಲೆ ಹೇಳಿರುವ ನೀರಿನಲ್ಲಿ ಅರ್ಧ ಮಾತ್ರ ಹಾಕಿ, ಪೂರ್ತಿ ಕರಗುವವರೆಗೆ ಕುದಿಸಿ, ಎಣ್ಣೆ ಸವರಿದ ಅಚ್ಚಿಗೆ ಬಿಸಿಯಿರುವಾಗಲೇ ಸುರಿಯಿರಿ.