ಗಾಳಿಯ ಬೀದಿಯಲ್ಲಿ ಯಾರಿಗೆ ದಾರಿ?

ಬೇಸಿಗೆಯ ಮಧ್ಯಾಹ್ನ ಸ್ಯಾನ್ ಫ್ರಾನ್ಸಿಸ್ಕೋದ ಕ್ರಿಸ್ಸಿ ಫೀಲ್ಡ್ ದಡದಲ್ಲಿ ಚಿತ್ರಾನ್ನದ ಬುತ್ತಿ ಬಿಚ್ಚಿ ಕೂತವರಿಗೆಲ್ಲ ಈ ನೋಟ ಪರಿಚಿತ. ಒಳನಾಡಿನ ಕಣಿವೆ ಕಾದಂತೆ ಸಮುದ್ರದ ತಣ್ಣನೆಯ ಗಾಳಿ ಗೋಲ್ಡನ್ ಗೇಟ್ ಕಿಂಡಿಯಿಂದ ಒಳನುಗ್ಗುತ್ತದೆ. ಹತ್ತಾರು ಹಾಯಿದೋಣಿಗಳು ಎದುರುಬದುರಾಗಿ ಬಂದು, ಇನ್ನೇನು ಡಿಕ್ಕಿ ಹೊಡೆದೇಬಿಟ್ಟವು ಎನ್ನುವಾಗ ಒಂದು ದೋಣಿ ಸರಕ್ಕನೆ ಪಕ್ಕಕ್ಕೆ ಸರಿಯುತ್ತದೆ. ಬ್ರೇಕ್ ಇಲ್ಲ, ಸಿಗ್ನಲ್ ದೀಪ ಇಲ್ಲ, ನೀರಿನ ಮೇಲೆ ಲೇನ್ ಗೆರೆಗಳೂ ಇಲ್ಲ. ಹಾಗಾದರೆ ಯಾರು ಯಾರಿಗೆ ದಾರಿ ಬಿಡಬೇಕು?

ಉತ್ತರವಿರುವುದು ವರ್ಲ್ಡ್ ಸೇಲಿಂಗ್ ಸಂಸ್ಥೆ ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕರಿಸುವ ಸ್ಪರ್ಧಾ ನಿಯಮಗಳ ಪುಸ್ತಕದಲ್ಲಿ. ಈಗ ಜಾರಿಯಲ್ಲಿರುವುದು 2025-2028ರ ಆವೃತ್ತಿ.

ಮೂರು ಮೂಲ ಸೂತ್ರಗಳು

ಮೊದಲನೆಯದು: ಗಾಳಿ ಎಡಬದಿಯಿಂದ ಬರುತ್ತಿರುವ ದೋಣಿ, ಬಲಬದಿಯಿಂದ ಗಾಳಿ ಪಡೆಯುತ್ತಿರುವ ದೋಣಿಗೆ ದಾರಿ ಬಿಡಬೇಕು. ಎಡದ್ದು 'ಪೋರ್ಟ್', ಬಲದ್ದು 'ಸ್ಟಾರ್‌ಬೋರ್ಡ್'. ಸ್ಪರ್ಧೆಯಲ್ಲಿ "ಸ್ಟಾರ್‌ಬೋರ್ಡ್!" ಎಂಬ ಕೂಗು ಕೇಳಿದರೆ "ದಾರಿ ನನ್ನದು, ಸರಿಯಪ್ಪಾ" ಎಂದರ್ಥ.

ಎರಡನೆಯದು: ಎರಡೂ ದೋಣಿಗಳಿಗೆ ಒಂದೇ ಬದಿಯಿಂದ ಗಾಳಿ ಬರುತ್ತಿದ್ದು, ಅಕ್ಕಪಕ್ಕ ಸಾಗುತ್ತಿದ್ದರೆ, ಗಾಳಿ ಬರುವ ಕಡೆಗಿರುವ ದೋಣಿ ಸರಿಯಬೇಕು. ಮೂರನೆಯದು: ಒಂದು ಪೂರ್ತಿ ಹಿಂದಿದ್ದರೆ, ಹಿಂದಿನದೇ ಮುಂದಿನದನ್ನು ತಪ್ಪಿಸಿಕೊಂಡು ಹೋಗಬೇಕು. ನಮ್ಮ ರಸ್ತೆಯ ನಿಯಮದಂತೆಯೇ ಅನ್ನಿ.

ಹಕ್ಕಿಗೂ ಮಿತಿಯುಂಟು

ದಾರಿಯ ಹಕ್ಕು ಸಿಕ್ಕಿತೆಂದು ನುಗ್ಗುವಂತಿಲ್ಲ. ತನ್ನದೇ ನಡೆಯಿಂದ ಹಕ್ಕು ಪಡೆದ ದೋಣಿ, ಎದುರಿನವರಿಗೆ ಸರಿಯಲು ಮೊದಲು ಅವಕಾಶ ಕೊಡಬೇಕು. ದಿಕ್ಕು ಬದಲಿಸುವಾಗಲೂ ಹಾಗೆಯೇ. ಸಾಧ್ಯವಿದ್ದಷ್ಟೂ ಡಿಕ್ಕಿ ತಪ್ಪಿಸುವುದು ಇಬ್ಬರ ಹೊಣೆ. ಹಕ್ಕಿದ್ದವನೂ ತಪ್ಪಿಸಬಹುದಾಗಿದ್ದ ಡಿಕ್ಕಿಯಲ್ಲಿ ಹಾನಿ ಮಾಡಿದರೆ ಶಿಕ್ಷೆಗೆ ಒಳಗಾಗುತ್ತಾನೆ. ತಿರುವಿನ ಗುರುತಿನ ಬಳಿ ನೂಕುನುಗ್ಗಲು ಹೆಚ್ಚು. ಅಲ್ಲಿ ಸಾಮಾನ್ಯವಾಗಿ ಮೂರು ದೋಣಿಯುದ್ದದ ವಲಯಕ್ಕೆ ಬಂದಾಗ ಒಳಬದಿಯಲ್ಲಿದ್ದ ದೋಣಿಗೆ ಸುತ್ತಿಬರಲು ಜಾಗ ಬಿಡಬೇಕು.

ಸ್ವಾರಸ್ಯವೆಂದರೆ, ಹೆಚ್ಚಿನ ಸ್ಪರ್ಧೆಗಳಲ್ಲಿ ನೀರಿನ ಮೇಲೆ ಸೀಟಿ ಊದುವ ಅಂಪೈರ್ ಇರುವುದಿಲ್ಲ. ತಪ್ಪಿದವರು ತಾವಾಗಿಯೇ ಪಕ್ಕಕ್ಕೆ ಹೋಗಿ ಎರಡು ಸುತ್ತು ತಿರುಗಿ ಮುಂದುವರಿಯುತ್ತಾರೆ. ಒಪ್ಪದಿದ್ದರೆ ಎದುರಾಳಿ "ಪ್ರೊಟೆಸ್ಟ್" ಎಂದು ಕೂಗುತ್ತಾನೆ. ದೊಡ್ಡ ದೋಣಿಯಾದರೆ ಕೆಂಪು ಬಾವುಟವನ್ನೂ ಹಾರಿಸುತ್ತಾನೆ. ದಡಕ್ಕೆ ಬಂದ ಮೇಲೆ ಪಂಚಾಯಿತಿ! ಸಮಿತಿ ಇಬ್ಬರ ಮಾತನ್ನೂ, ಸಾಕ್ಷಿಗಳನ್ನೂ ಕೇಳಿ ತೀರ್ಪು ಕೊಡುತ್ತದೆ.

ಎಲ್ಲಕ್ಕಿಂತ ಮೇಲಿನ ನಿಯಮ

ಪುಸ್ತಕದ ಒಂದನೇ ನಿಯಮ ದಾರಿಯದ್ದಲ್ಲ. ಅಪಾಯದಲ್ಲಿರುವವರಿಗೆ ಕೈಲಾದ ನೆರವು ನೀಡಬೇಕು ಎಂಬುದು. 1988ರ ಸೋಲ್ ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆಗಳು ಪುಸಾನ್‌ನಲ್ಲಿ ನಡೆದಾಗ, ಕೆನಡಾದ ಲಾರೆನ್ಸ್ ಲೆಮಿಯೂ ಒಂದು ಓಟದಲ್ಲಿ ಎರಡನೇ ಸ್ಥಾನದಲ್ಲಿದ್ದರು. ಸಿಂಗಪುರದ ಇಬ್ಬರ ದೋಣಿ ಬಿರುಗಾಳಿಗೆ ಮಗುಚಿದ್ದನ್ನು ಕಂಡು ತಮ್ಮ ದೋಣಿ ತಿರುಗಿಸಿದರು. ಇಬ್ಬರನ್ನೂ ರಕ್ಷಿಸಿ, ಕಾವಲು ದೋಣಿ ಬಂದ ಮೇಲೆಯೇ ಓಟ ಮುಂದುವರಿಸಿದರು. ತೀರ್ಪುಗಾರರು ಆ ಓಟಕ್ಕೆ ಎರಡನೇ ಸ್ಥಾನವನ್ನೇ ಕೊಟ್ಟರು. ಒಟ್ಟಾರೆ ಅವರು ಪಡೆದದ್ದು 11ನೇ ಸ್ಥಾನ, ಪದಕವಿಲ್ಲ. ಆದರೆ ಕ್ರೀಡಾಮನೋಭಾವಕ್ಕಾಗಿ ಪಿಯರ್ ದ ಕೂಬರ್ತಿನ್ ಪದಕ ಅವರ ಕೊರಳಿಗೆ ಬಿತ್ತು. ಆ ವರ್ಷ ಚಿನ್ನ ಗೆದ್ದವರಿಗಿಂತ ಅವರ ಹೆಸರೇ ಜನರ ನೆನಪಿನಲ್ಲಿ ಉಳಿದಿದೆ.

ನಮಗೂ ಈ ಆಟದ ನಂಟುಂಟು. ಕೊಡಗು ಮೂಲದ ಕೆ.ಸಿ. ಗಣಪತಿಯವರು ವರುಣ್ ಠಕ್ಕರ್ ಜೊತೆಗೂಡಿ 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲೂ ಸ್ಪರ್ಧಿಸಿದರು.

ಮುಂದಿನ ಬಾರಿ ದಡದಲ್ಲಿ ಕೂತಾಗ ಮಕ್ಕಳಿಗೆ ಒಂದು ಸುಲಭ ಗುಟ್ಟು ಹೇಳಿಕೊಡಿ: ದೋಣಿಯ ದೊಡ್ಡ ಹಾಯಿ ಎಡಕ್ಕೆ ಚಾಚಿದ್ದರೆ ಗಾಳಿ ಬಲದಿಂದ, ಅಂದರೆ ಅದು ಸ್ಟಾರ್‌ಬೋರ್ಡ್. ಎದುರಿನದು ಸರಿಯುತ್ತದೆಯೋ ಇಲ್ಲವೋ ನೋಡುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.